ಜೋಳ ಎಂದರೆ ಯಾವ ಜೋಳ

೮ ಏಪ್ರಿಲ್, ಸೋಮವಾರ

ವಸುಧಾ ನಿನ್ನೆ ಪುಣೆಯ ರೈಲು ಹತ್ತಿದಳು. ಮಗಳು ಮೃದುಲಾಳ ಬಾಣಂತನ. ಎರಡು ತಿಂಗಳು ವಾಪಸು ಬರುವ ಮಾತಿಲ್ಲ. ಹೋಗುವ ಮುಂಚೆ ಫ್ರಿಜ್ಜಿನ ಬಾಗಿಲಿಗೆ ಮರಾಠಿಯಲ್ಲಿ ಒಂದು ಚೀಟಿ ಅಂಟಿಸಿದ್ದಾಳೆ: ಅನ್ನ ಕಡಿಮೆ, ಮಾವಿನಹಣ್ಣು ಮುಟ್ಟಬೇಡಿ, ಸಕ್ಕರೆ ಡಬ್ಬಿ ಹುಡುಕಬೇಡಿ. ಇಲ್ಲೇ ನಾಗಪುರದ ಸದರ್‌ನಲ್ಲಿ ಹುಟ್ಟಿ ಬೆಳೆದ ಕನ್ನಡತಿ ನನ್ನ ಹೆಂಡತಿ. ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಆದ್ದರಿಂದಲೇ ಈ ದಿನಚರಿ ಕನ್ನಡದಲ್ಲಿ. ಸಕ್ಕರೆ ಡಬ್ಬಿ ಸಿಕ್ಕಿತು ಎಂದು ಇಲ್ಲಿ ಧೈರ್ಯವಾಗಿ ಬರೆಯಬಹುದು. ಗೋಧಿ ಹಿಟ್ಟಿನ ಡಬ್ಬಿಯ ಹಿಂದೆ ಇತ್ತು.

ಪುಸ್ತಕ ಕಚೇರಿಯದು. ಮೇ ೨೨ಕ್ಕೆ ನಮ್ಮ ಧಾನ್ಯ ಸಂಶೋಧನಾ ಕೇಂದ್ರದಲ್ಲಿ ‘ಸಾವಿರ ಕೋಟಿ ತಟ್ಟೆ’ ಎಂಬ ಅಂತರರಾಷ್ಟ್ರೀಯ ಸಮ್ಮೇಳನವಿದೆ. ಇನ್ನು ಇಪ್ಪತ್ತೈದು ವರ್ಷಕ್ಕೆ ಭೂಮಿಯ ಮೇಲೆ ಹತ್ತಿರ ಹತ್ತಿರ ಸಾವಿರ ಕೋಟಿ ಬಾಯಿಗಳಿರುತ್ತವಂತೆ, ಬಿಸಿಲು ಇನ್ನೂ ಏರಿರುತ್ತದಂತೆ. ಆಗ ಎಲ್ಲರಿಗೂ ಏನು ಉಣಿಸುವುದು ಎಂಬುದನ್ನು ಒಂದೇ ದಿನದಲ್ಲಿ, ಮಧ್ಯಾಹ್ನದ ಊಟದ ವಿರಾಮವನ್ನೂ ಸೇರಿಸಿ, ತೀರ್ಮಾನ ಮಾಡುತ್ತಾರೆ. ಅತಿಥಿಗಳಿಗೆ ಹಂಚಲು ಈ ದಿನಚರಿ ಅಚ್ಚಾಗಿದೆ. ಪ್ರತಿ ಪುಟದ ಕೆಳಗೂ ಇಂಗ್ಲಿಷಿನಲ್ಲಿ ‘ಒಂದು ತುತ್ತೂ ಪೋಲಾಗದಿರಲಿ’ ಎಂದಿದೆ. ಕಾಗದ ಎಷ್ಟು ನುಣುಪೆಂದರೆ ಶಾಯಿಯೇ ಹಿಡಿಯುವುದಿಲ್ಲ. ಮೂರು ಸಾವಿರ ಪ್ರತಿಯೂ ಪೋಲು. ನಾನು ಬಾಲ್‌ಪೆನ್ನಿನಲ್ಲಿ ಒತ್ತಿ ಒತ್ತಿ ಬರೆಯುತ್ತಿದ್ದೇನೆ.

ಇಂದು ನಿರ್ದೇಶಕರು, ಡಾ. ಜಯಂತ ದೇಶಕರ, ಕೋಣೆಗೆ ಕರೆದರು. “ಮಧುಸೂದನ್‌ಜೀ, ಸಮ್ಮೇಳನ ಬರೋಬರ್ ಆಗಲಿ. ನಿಮ್ಮ ಒಂದು ವರ್ಷದ ವಿಸ್ತರಣೆಯ ಅರ್ಜಿಗೆ ನಾನೇ ಸಹಿ ಹಾಕ್ತೀನಿ” ಎಂದರು. ನಾನು ಇಲ್ಲಿಯ ಆಡಳಿತಾಧಿಕಾರಿ. ಮೂವತ್ತನಾಲ್ಕು ವರ್ಷವಾಯಿತು, ಮೇ ೩೧ಕ್ಕೆ ನಿವೃತ್ತಿ. ಅರ್ಜಿ ಹಾಕಿದ್ದು ವಸುಧಾಳಿಗೆ ಗೊತ್ತಿಲ್ಲ. ಮನೆಯಲ್ಲಿ ಕೂತು ಏನು ಮಾಡಲಿ? ನೌಕರಿಯಿಲ್ಲದ ಮಧುಸೂದನನನ್ನು ನಾನು ಇದುವರೆಗೆ ನೋಡಿಲ್ಲ. ನೋಡಲು ನಿಜಕ್ಕೂ ಹೆದರಿಕೆ.

ಮೇ ತಿಂಗಳಲ್ಲಿ ನಾಗಪುರಕ್ಕೆ ಯಾರಾದರೂ ನೆಂಟರನ್ನು ಕರೆಯುತ್ತಾರೆಯೇ ಎಂದು ಕೇಳಿದೆ. “ಹವಾಮಾನ ಬದಲಾವಣೆ ಅವರ ಅನುಭವಕ್ಕೆ ಬರಲಿ” ಎಂದರು ನಿರ್ದೇಶಕರು.

ನನಗೆ ಒಪ್ಪಿಸಿದ್ದು ಒಂದೇ ಕೆಲಸ. ಹಿಂದುಗಡೆ, ಪ್ರಯೋಗದ ಹೊಲದ ಬದಿಗೆ, ಒಂದು ತಗಡಿನ ಕ್ಯಾಂಟೀನಿದೆ. ಹೊಲದ ಕೆಲಸದವರು ಅಲ್ಲಿ ಉಣ್ಣುತ್ತಾರೆ. ಮೇ ೧೦ರೊಳಗೆ ಅದನ್ನು ಮುಚ್ಚಿಸಬೇಕು. ಆ ಜಾಗದಲ್ಲಿ ‘ಭವಿಷ್ಯದ ಊಟ’ ಎಂಬ ಪ್ರದರ್ಶನ ಮಂಟಪ ಬರುತ್ತದೆ. ಕ್ಯಾಂಟೀನು ನಡೆಸುವ ಹೆಂಗಸು ಯಾರೋ ಏನೋ. ಹೇಗೂ ಅವಳ ಒಲೆಯ ಹೊಗೆ ನನ್ನ ಕಿಟಕಿಗೇ ಬರುತ್ತದೆ. ಮುಚ್ಚಿದರೆ ನನಗೂ ಅನುಕೂಲ.

೧೨ ಏಪ್ರಿಲ್, ಶುಕ್ರವಾರ

ಡಬ್ಬಾದವನ ಊಟ ನಾಲ್ಕು ದಿನ ತಿಂದೆ. ಎಣ್ಣೆಯೊಳಗೆ ಕೈಯಾಡಿಸಿ ಆಲೂಗಡ್ಡೆ ಹುಡುಕಬೇಕು. ಹೊಟ್ಟೆ ಕೆಟ್ಟು ರಾಮದಾಸಪೇಠ್‌ನ ಡಾಕ್ಟರ ಹತ್ತಿರ ಹೋದರೆ, ಸಕ್ಕರೆಯ ರಿಪೋರ್ಟು ನೋಡಿ ಹುಬ್ಬು ಗಂಟು ಹಾಕಿದರು. “ಜ್ವಾರಿ ಭಾಕರಿ ತಿನ್ನಿ” ಅಂತೆ. ಜೋಳದ ರೊಟ್ಟಿ! ಧಾರವಾಡದವನಿಗೆ ಇದನ್ನು ನಾಗಪುರದ ಡಾಕ್ಟರು ಹೇಳಿಕೊಡಬೇಕೇ? ಆದರೆ ಬಡಿಯುವವರು ಯಾರು?

ಸಂಜೆ ವಸುಧಾಳ ಫೋನು. “ರೀ, ಜೇವಣ ಬರೋಬರ್ ಆಗ್ಲಿಕ್ಕತ್ತದೋ ಇಲ್ಲೋ?”

“ಊಟ ಚಲೋ ಆಗ್ಲಿಕ್ಕತ್ತದ” ಎಂದೆ. ಮೊಸರಿಗೆ ಅವಲಕ್ಕಿ ಕಲಸಿಕೊಂಡು ತಿಂದು ಮಲಗುತ್ತಿದ್ದೇನೆ.

೧೬ ಏಪ್ರಿಲ್, ಮಂಗಳವಾರ

ಮುಚ್ಚಿಸುವ ಮುಂಚೆ ಸ್ಥಳ ತಪಾಸಣೆ ಮಾಡುವುದು ನಿಯಮ. ಒಂದು ಗಂಟೆಗೆ ಹೋದೆ. ಊಟದ ಹೊತ್ತೇ ಆಗಿದ್ದು ಕಾಕತಾಳೀಯ.

ತಗಡಿನ ಕೆಳಗೆ ಒಲೆ ಉರಿಯುತ್ತಿದೆ, ಹೊರಗೆ ನಲವತ್ತೆರಡು ಡಿಗ್ರಿ. ನಸುಕಿನಿಂದ ಹೊಲದಲ್ಲಿದ್ದ ಹೆಂಗಸರು, ವಾಚ್‌ಮನ್‌ಗಳು, ಟ್ರ್ಯಾಕ್ಟರ್ ಡ್ರೈವರುಗಳು ಗೋಣಿತಟ್ಟಿನ ಮೇಲೆ ಸಾಲಾಗಿ ಕೂತಿದ್ದರು. ಹಿಟ್ಟಿನ ಕೈಯ ಹೆಂಗಸೊಬ್ಬಳು ಬೆರಳು ಮಾಡಿ ಮಾಡಿ ತಲೆ ಎಣಿಸುತ್ತಿದ್ದಳು, ಅದೂ ಕನ್ನಡದಲ್ಲಿ! “ಐವತ್ತಾರು, ಐವತ್ತೇಳು. ಎಲ್ಲಾರೂ ಬಂದ್ರು, ಬಡಸ್ರವಾ.” ಹೆಸರು ಲಕ್ಷ್ಮವ್ವ, ಇಂಡಿ ಕಡೆಯವಳು. ರಸ್ತೆ ಕೆಲಸದ ಗುಂಪಿನ ಜೊತೆ ಬಂದು ಇಲ್ಲೇ ನಿಂತಳಂತೆ. ಹತ್ತೊಂಬತ್ತು ವರ್ಷದಿಂದ ಅವಳ ಹೊಗೆ ಕುಡಿಯುತ್ತಿದ್ದೇನೆ. ಕನ್ನಡದವಳೆಂದು ಇಂದು ಗೊತ್ತಾಯಿತು.

“ನೀವು ನಮ್ಮ ಕಡಿಯವರಽ ಅಂತ ನನಗ ಗೊತ್ತಿತ್ರಿ ಸಾಹೇಬ್ರ” ಎಂದಳು. “ಫೋನಿನ್ಯಾಗ ಹೆಂಡ್ತಿ ಜೋಡಿ ಜಗಳ ಮಾಡೋದು ಕಿಟಕ್ಯಾಗಿಂದ ಕೇಳಸ್ತೈತಿ.”

ರೊಟ್ಟಿ ನಮ್ಮ ಕೇಂದ್ರದ್ದೇ ಜೋಳದ್ದು. ತಾಪಜಯ-೪ ಎಂಬ ತಳಿ, ನಲವತ್ತೇಳು ಡಿಗ್ರಿಗೂ ಬಾಡುವುದಿಲ್ಲ. ಅದರ ಮೇಲೆ ನಮ್ಮವರು ಹನ್ನೊಂದು ಪ್ರಬಂಧ ಬರೆದಿದ್ದಾರೆ. ತೂಕ, ಅಳತೆ ಮುಗಿದು ಉಳಿದ ಕಾಳು ಕ್ಯಾಂಟೀನಿಗೆ ಬರುತ್ತದೆ. ನಾನು ಹೆಮ್ಮೆಯಿಂದ “ಹೆಂಗದವಾ ನಮ್ಮ ಜೋಳ?” ಎಂದೆ.

“ಬೆಳೀ ಚಲೋ ಬರ್ತೈತಂತ್ರಿ. ರೊಟ್ಟಿ ಮಾತ್ರ ಹರೀತಾವ. ಜಿಗಿನಽ ಇಲ್ಲ ಹಿಟ್ಟಿಗೆ. ಕುದಿಯೋ ಎಸರು ಹಾಕಿ ಮನಸಿಟ್ಟು ನಾದಿದ್ರ ಬಡೀಬಹುದು.”

“ಇದನ್ನ ವಿಜ್ಞಾನಿಗಳಿಗೆ ಹೇಳೀ ಏನು?”

“ಯಾರು ಕೇಳ್ಯಾರ್ರಿ?”

ಹನ್ನೊಂದು ಪ್ರಬಂಧದಲ್ಲಿ ಎಲ್ಲಿಯೂ ರೊಟ್ಟಿಯ ಮಾತಿಲ್ಲ. ನಾನೇ ಬೈಂಡು ಮಾಡಿಸಿದ್ದೇನೆ, ನನಗೆ ಗೊತ್ತು. ತಪಾಸಣೆ ಮುಗಿಸಿದೆ. ಎರಡು ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ.

೧೭ ಏಪ್ರಿಲ್, ಬುಧವಾರ

ಒಂದೇ ದಿನದ ತಪಾಸಣೆಯಿಂದ ನಿರ್ಧಾರಕ್ಕೆ ಬರುವುದು ಸರಿಯಲ್ಲ. ಮತ್ತೆ ಹೋದೆ. ಮೂರು ರೊಟ್ಟಿ.

೧೯ ಏಪ್ರಿಲ್, ಶುಕ್ರವಾರ

ತಪಾಸಣೆ. ಮೂರು ರೊಟ್ಟಿ, ಝುಣಕ.

೨೬ ಏಪ್ರಿಲ್, ಶುಕ್ರವಾರ

ಸಮ್ಮೇಳನದ ಉಸ್ತುವಾರಿಗೆ ಬೆಂಗಳೂರಿನಿಂದ ಸಿಂಚನಾ ಎಂಬ ಹುಡುಗಿ ಬಂದಿದ್ದಾಳೆ. ಮೂವತ್ತರೊಳಗಿನ ವಯಸ್ಸು, ಎರಡು ಮೊಬೈಲು, ಒಂದು ನಿಮಿಷ ಕೂರುವುದಿಲ್ಲ. ಹೆಸರು ಕೇಳಿ ಕನ್ನಡದಲ್ಲಿ ಮಾತಾಡಿಸಿದೆ. ಅವಳ ಮುಖ ಅರಳಿತು, ನನ್ನದೂ. ಈ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಹಿಂದಿಯಲ್ಲಿ ಹೇಳಿದ್ದನ್ನು ಮರಾಠಿಯಲ್ಲಿ ಬಿಡಿಸಿ, ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದೇನೆ. ಒಮ್ಮೆಯಾದರೂ ಒಂದು ಮಾತು ನೇರವಾಗಿ ಹೇಳಿದ ಹಾಗಾಯಿತು.

“ಸರ್, ಲಂಚ್‌ಗೆ ಒಂದೇ ಧಾನ್ಯ ಥೀಮ್ ಆಗಿದ್ರೆ ಚೆನ್ನಾಗಿರತ್ತೆ. ಯಾವುದಿಡೋಣ?”

“ಜೋಳ! ಸೂಪ್‌ನಿಂದ ಹಿಡದು ಸಿಹಿತನಕಾ ಎಲ್ಲಾ ಜೋಳದ್ದಽ ಇರ್ಲಿ. ನಮ್ಮ ಕೇಂದ್ರದ ಹೆಮ್ಮೆ ಅದು.”

“ಸೂಪರ್ ಸರ್! ಜೋಳ ಅಂದ್ರೆ ನಂಗೆ ಪ್ರಾಣ. ಮಳೇಲಿ ನಿಂತ್ಕೊಂಡು, ನಿಂಬೆಹಣ್ಣು ಖಾರ ಹಚ್ಕೊಂಡು... ಅಯ್ಯೋ, ಬಾಯಲ್ಲಿ ನೀರು ಬರ್ತಿದೆ.”

ಜೋಳಕ್ಕೆ ನಿಂಬೆಹಣ್ಣು ಯಾರು ಹಚ್ಚುತ್ತಾರೆ? ಬೆಂಗಳೂರಿನವರು ರೊಟ್ಟಿಗೆ ಏನನ್ನು ಬೇಕಾದರೂ ಹಚ್ಚಿಯಾರು ಎಂದುಕೊಂಡು ಸುಮ್ಮನಾದೆ. ಹೊಟೇಲಿಗೆ ತಾನೇ ಆರ್ಡರ್ ಕೊಡುತ್ತಾಳಂತೆ.

೩ ಮೇ, ಶುಕ್ರವಾರ

ನೋಟೀಸು ಕೊಟ್ಟೆ. ಒಂದೂವರೆ ಪುಟ, ಹಿಂದಿ ಮತ್ತು ಇಂಗ್ಲಿಷ್. ಬರೆದದ್ದು ನಾನೇ, ಭಾಷೆ ಗಟ್ಟಿಯಾಗಿದೆ, ಒಂದು ಅಲ್ಪವಿರಾಮವೂ ತಪ್ಪಿಲ್ಲ. ಆದರೆ ಲಕ್ಷ್ಮವ್ವನಿಗೆ ಎರಡೂ ಲಿಪಿ ಬಾರದು. ಕನ್ನಡದಲ್ಲಿ ನಾನೇ ಓದಿ ಹೇಳಬೇಕಾಯಿತು. ಕನ್ನಡದಲ್ಲಿ ಹೇಳಲು ಹೋದರೆ ಆ ಒಂದೂವರೆ ಪುಟ ಒಂದೇ ಸಾಲಿಗೆ ಇಳಿಯಿತು: ಹತ್ತನೇ ತಾರೀಖಿನಿಂದ ಇಲ್ಲಿ ಅಡುಗೆ ಮಾಡುವಂತಿಲ್ಲ.

ಆಕೆ ಅಳಲಿಲ್ಲ, ಕೂಗಾಡಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು, “ಮತ್ತ ಈ ಐವತ್ತೇಳು ಮಂದಿ ಎಲ್ಲಿ ಉಣ್ಣಬೇಕ್ರಿ?” ಎಂದಳು.

“ಪರ್ಯಾಯ ವ್ಯವಸ್ಥೆ ಪರಿಶೀಲನೆಯಲ್ಲಿದೆ.”

“ಅದು ಯಾವ ಕಡೀಗೆ ಬರ್ತೈತ್ರಿ? ನಡಕೊಂಡು ಹೋಗಿ ಬರಬಹುದೇನು?”

ಗೇಟಿನ ಹೊರಗೆ ಕಾಮಠಿ ರಸ್ತೆ, ಆಚೆ ಲಾರಿಗಳು. ಎರಡು ಕಿಲೋಮೀಟರಿನವರೆಗೆ ಬಿಸ್ಕತ್ತಿನ ಅಂಗಡಿ ಬಿಟ್ಟರೆ ಏನೂ ಇಲ್ಲ. ತಪಾಸಣೆ ಮಾಡದೆ ವಾಪಸು ಬಂದೆ. ಹಸಿವೂ ಇರಲಿಲ್ಲ ಎಂದು ಬರೆಯಬಹುದು, ಆದರೆ ಇತ್ತು.

೧೦ ಮೇ, ಶುಕ್ರವಾರ

ಬೀಗ ಹಾಕಿದೆ. ಕೀಲಿ ನನ್ನ ಕಿಸೆಯಲ್ಲಿದೆ.

೧೩ ಮೇ, ಸೋಮವಾರ

ಮಂಟಪದ ಕಂಟ್ರಾಕ್ಟರ್ ಬಂದೇ ಇಲ್ಲ. ಬಿಸಿಲಿಗೆ ಅವನ ಆಳುಗಳು ಊರಿಗೆ ಹೋದರಂತೆ. ಹೀಗಾಗಿ ತಗಡಿನ ಶೆಡ್ಡು ಹಾಗೇ ನಿಂತಿದೆ, ಬೀಗ ಹಾಕಿಸಿಕೊಂಡು. ಅತಿಥಿಗಳ ಕಣ್ಣಿಗೆ ಬೀಳದಿರಲಿ ಎಂದು ನಿರ್ದೇಶಕರು ಅದರ ಮುಂದೆ ದೊಡ್ಡ ಬ್ಯಾನರು ಕಟ್ಟಿಸಿದ್ದಾರೆ. ಬ್ಯಾನರಿನ ಮೇಲೆ ಒಂದು ತುಂಬಿದ ತಟ್ಟೆಯ ಚಿತ್ರ.

ಲಕ್ಷ್ಮವ್ವ ಮನೆಯಿಂದಲೇ ರೊಟ್ಟಿ ಬಡಿದು, ಎರಡು ಬುಟ್ಟಿಗಳನ್ನು ಆಟೋದಲ್ಲಿ ತಂದು, ಬೇವಿನ ಮರದ ಕೆಳಗೆ ಸಾಲು ಕೂರಿಸುತ್ತಾರೆ. ನೋಟೀಸಿನಲ್ಲಿ ಅಡುಗೆ ಮಾಡುವಂತಿಲ್ಲ ಎಂದಿದೆ. ಉಣ್ಣುವಂತಿಲ್ಲ ಎಂದು ಬರೆಯಲು ನನಗೆ ಮರೆತುಹೋಗಿತ್ತು. ಒಳ್ಳೆಯದೇ ಆಯಿತು.

ನಾನು ಆ ಕಡೆ ಹೋಗಲಿಲ್ಲ, ಮುಖವಿರಲಿಲ್ಲ. ಎರಡು ಗಂಟೆಗೆ ವಾಚ್‌ಮನ್ ಶಾಮ ಒಂದು ಸ್ಟೀಲಿನ ಡಬ್ಬಿ ತಂದು ಮೇಜಿನ ಮೇಲಿಟ್ಟ. “ಲಕ್ಷ್ಮವ್ವಾನೇ ದಿಲಾ. ತಪಾಸಣಿ ಚುಕಾಯಚಿ ನಾಹಿ ಮ್ಹಣೇ.” ಲಕ್ಷ್ಮವ್ವ ಕೊಟ್ಟದ್ದು, ತಪಾಸಣೆ ತಪ್ಪಬಾರದಂತೆ.

ಬೀಗ ಹಾಕಿದವನಿಗೆ ಊಟ ಕಳಿಸುವ ಮನುಷ್ಯರನ್ನು ಏನೆಂದು ತಿಳಿಯುವುದು? ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಎರಡು ರೊಟ್ಟಿ.

೨೧ ಮೇ, ಮಂಗಳವಾರ

ನಲವತ್ತೈದು ಡಿಗ್ರಿ. ನಾಳೆ ಸಮ್ಮೇಳನ. ಸಿಂಚನಾ ಊಟದ ಮೆನು ಸಹಿಗೆ ತಂದಳು. ಎರಡು ಪುಟ, ಇಂಗ್ಲಿಷಿನಲ್ಲಿ, ಸೊಳ್ಳೆಯ ಕಾಲಿನಷ್ಟು ಸಣ್ಣ ಅಕ್ಷರ, ನನ್ನ ಕನ್ನಡಕ ಮನೆಯಲ್ಲಿ. ಕನ್ನಡದಲ್ಲಿ ಬಾಯಿಬಿಟ್ಟು ಹೇಳಿದ್ದೇನೆ, ತಪ್ಪಾಗಲು ಏನಿದೆ? ಓದದೆ ಸಹಿ ಹಾಕಿದೆ. ಈ ನೌಕರಿಯಲ್ಲಿ ಇದೇ ಮೊದಲು.

೨೨ ಮೇ, ಬುಧವಾರ

ಎಲ್ಲವನ್ನೂ ಬರೆದೇ ಮಲಗುತ್ತೇನೆ.

ನೂರಿಪ್ಪತ್ತು ಅತಿಥಿಗಳು. ಎಸಿ ಉಸಿರು ಬಿಡುವುದಕ್ಕಿಂತ ಹೆಚ್ಚಾಗಿ ನರಳುತ್ತಿತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ಸಾವಿರ ಕೋಟಿ ಜನರ ಹಸಿವಿನ ಬಗ್ಗೆ ಏಳು ಭಾಷಣಗಳಾದವು. ಎಂಟನೆಯದಕ್ಕೆ ನೂರಿಪ್ಪತ್ತು ಜನರ ಹಸಿವು ಕೇಳಿಸತೊಡಗಿತು. ಒಂದೂಕಾಲಿಗೆ ಹೊಟೇಲಿನ ವ್ಯಾನು ಬಂತು. ತಪ್ಪು ಗೇಟಿಗೆ ಹೋಗಿ, ಅಲ್ಲಿ ತೆರೆಯುವವರಿಲ್ಲದೆ, ಒಂದೂವರೆ ಗಂಟೆ ಬಿಸಿಲಲ್ಲಿ ನಿಂತು ಬಂದಿತ್ತು.

ಪಾತ್ರೆಗಳ ಮುಚ್ಚಳ ತೆಗೆದರು. ಹಳದಿ! ಎಲ್ಲ ಹಳದಿ! ಗೋವಿನಜೋಳದ ಸೂಪು, ಗೋವಿನಜೋಳದ ಚಾಟು, ಕೆನೆಯಲ್ಲಿ ಮುಳುಗಿಸಿದ ಗೋವಿನಜೋಳ, ಕೊನೆಗೆ ಗೋವಿನಜೋಳದ ಹಲ್ವ. ಬಿಳಿಜೋಳದ ಒಂದು ಕಾಳೂ ಇಲ್ಲ. ಬಫೆಯ ಹಿಂದಿನ ಗೋಡೆಗೆ ನಮ್ಮದೇ ಪೋಸ್ಟರು: ‘ತಾಪ ಏರಿದಂತೆ ಮೆಕ್ಕೆಜೋಳದ ಇಳುವರಿ ಕುಸಿಯುತ್ತದೆ.’

“ಸಿಂಚನಾ! ನಾ ಜೋಳ ಅಂದಿದ್ದೆ!”

ಅವಳು ಗಾಬರಿಯಿಂದ ಒಂದು ತೆನೆ ಎತ್ತಿ ತೋರಿಸಿದಳು. “ಸರ್, ಇದು ಜೋಳಾನೇ ಅಲ್ವಾ?”

“ಇದು ಗೋವಿನಜೋಳ!”

“ಗೋವಿನದಾ? ಹಸೂದಾ ಸರ್? ನಮ್ ಕಡೆ ಜೋಳ ಅಂದ್ರೆ ಇದೇ. ಆ ಬಿಳೀದು... ಅದು ಜೋವಾರ್ ಅಲ್ವಾ?”

ಪಾಪ, ಅವಳದೇನು ತಪ್ಪು? ಈ ಊರಲ್ಲಿ ಹಿಂದಿಯಲ್ಲಿ ‘ಜ್ವಾರ್’ ಎಂದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಇಬ್ಬರು ಕನ್ನಡಿಗರು ಸಿಕ್ಕ ಖುಷಿಯಲ್ಲಿ ಕನ್ನಡ ಮಾತಾಡಿ ಹೀಗೆ ಮಾಡಿಕೊಂಡೆವು.

ಯಾವ ಜೋಳ ಎಂಬ ಮಾತಿಗೂ ಕೊನೆಗೆ ಅರ್ಥ ಉಳಿಯಲಿಲ್ಲ. ಪೋಷಣೆಯ ಬಗ್ಗೆ ಭಾಷಣ ಮಾಡಬೇಕಿದ್ದ ಹಿರಿಯ ಡಾಕ್ಟರಮ್ಮ ಕೆನೆಯ ಪಾತ್ರೆಗೆ ಮೂಗು ಒಯ್ದು, ಹಿಂದೆ ಸರಿದು, “ಯಾರೂ ಮುಟ್ಟಬೇಡಿ, ಹಳಸಿದೆ” ಎಂದುಬಿಟ್ಟರು. ನಿರ್ದೇಶಕರ ಮುಖ ನೋಡಬೇಕಿತ್ತು. ನನ್ನನ್ನು ಕಂಬದ ಮರೆಗೆ ಎಳೆದರು.

“ಆ ಅಡುಗೆಬಾಯಿ, ಮರದ ಕೆಳಗೆ ಬುಟ್ಟಿ ಇಟ್ಕೊಂಡು ಕೂರ್ತಾಳಲ್ಲ, ಅವಳ ರೊಟ್ಟಿ ಎಲ್ಲಾ ಇಲ್ಲಿಗೆ ತರಿಸಿ. ಜಲ್ದಿ! ನಿಮ್ಮ ವಿಸ್ತರಣೆ ನೆನಪಿದೆ ತಾನೇ?”

ಓಡಿದೆ. ಐವತ್ತೊಂಬತ್ತು ವರ್ಷ ಹನ್ನೊಂದು ತಿಂಗಳ ಮನುಷ್ಯ ನಲವತ್ತೈದು ಡಿಗ್ರಿಯಲ್ಲಿ ಓಡಿದೆ. ಬೇವಿನ ಕೆಳಗೆ ಸಾಲು ಆಗಷ್ಟೇ ಕೂತಿತ್ತು. ಲಕ್ಷ್ಮವ್ವ ಎಣಿಸುತ್ತಿದ್ದರು. ನಾನು ಏದುಸಿರಿನಲ್ಲಿ ವಿಷಯ ಹೇಳಿದೆ.

ಅವರು ಎಣಿಕೆ ಮುಗಿಸಿಯೇ ನನ್ನ ಕಡೆ ತಿರುಗಿದ್ದು. “ಇದು ಐವತ್ತೇಳು ಮಂದಿ ಬುತ್ತಿ ಐತ್ರಿ ಸಾಹೇಬ್ರ. ಮುಂಜಾನಿ ಆರಕ್ಕ ಹೊಲಕ್ಕ ಇಳದಾರ ಇವರು. ಇವರ ಮುಂದಿನ ತಾಟು ಕಸಗೊಂಡು ಅವರಿಗೆ ಇಡ್ಲೇನು? ನೀವಽ ಹೇಳ್ರಿ, ಇಡ್ತೀನಿ.”

ನನ್ನ ಬಾಯಲ್ಲಿ ‘ಇಡಿ’ ಎಂಬ ಎರಡಕ್ಷರ ಸಿದ್ಧವಾಗಿತ್ತು. ಸಾಲಿನ ಮೊದಲಿಗೆ ಹೊಲದ ಕೆಲಸದ ಪಂಚಫುಲಾಬಾಯಿ ಕೂತಿದ್ದಳು, ತಲೆಗೆ ಒದ್ದೆ ಬಟ್ಟೆ, ಕೈಯಲ್ಲಿ ಮುರಿದ ರೊಟ್ಟಿ. ಬಾಯಿಗೆ ಒಯ್ಯದೆ ನನ್ನನ್ನೇ ನೋಡುತ್ತಿದ್ದಳು. ಐವತ್ತೇಳು ಜನರೂ ಕೈ ತಡೆದು ಕೂತಿದ್ದರು. ಬೇಡವೆಂದು ಕೈ ಆಡಿಸಿದೆ.

“ಹಂಗಾದ್ರ ಕೀಲಿ ತಗೀರಿ” ಎಂದರು ಲಕ್ಷ್ಮವ್ವ. “ಹಿಟ್ಟಿನ ಡಬ್ಬಿ ಒಳಗಽ ಐತಿ. ಇವರದು ಆದ ಮ್ಯಾಲ ಅವರೂ ಬರ್ಲಿ, ಸಾಲಿಗೆ ಕುಂದರ್ಲಿ. ಹಸದವರಿಗೆ ಇಲ್ಲ ಅನ್ನಾಕಿ ಅಲ್ಲ ನಾನು.”

ಬ್ಯಾನರನ್ನು ಪಕ್ಕಕ್ಕೆ ಸರಿಸಿ ಬೀಗ ತೆಗೆದೆ. ಯಾರ ಅನುಮತಿಯಿಂದ ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ. ಉಂಡು ಎದ್ದ ಹೆಂಗಸರಲ್ಲಿ ಎಂಟು ಮಂದಿ ಕೈ ತೊಳೆದುಕೊಂಡು ಒಲೆಯ ಮುಂದೆ ಕೂತರು. ಎಸರು ಕುದಿಯಿತು. ರೊಟ್ಟಿ ಬಡಿಯುವ ಸದ್ದು ಸಭಾಂಗಣದವರೆಗೆ ಹೋಗಿರಬೇಕು, ಅತಿಥಿಗಳು ತಾವಾಗಿಯೇ ಬಂದು ಮರದ ಸುತ್ತ ನಿಂತರು. ಮುಕ್ಕಾಲು ಗಂಟೆ ಕಾದರು. ಪರದೇಶದ ಪ್ರೊಫೆಸರೊಬ್ಬರು ಗೋಣಿತಟ್ಟಿನ ಮೇಲೆ ಕಾಲು ಮಡಚಲಾಗದೆ ಒದ್ದಾಡುತ್ತಿದ್ದಾಗ ಪಂಚಫುಲಾಬಾಯಿ ಅವರ ಭುಜ ಒತ್ತಿ “ಬಸಾ” ಎಂದು ಕೂರಿಸಿದಳು. ಒಬ್ಬೊಬ್ಬರಿಗೆ ಒಂದೊಂದು ರೊಟ್ಟಿ. ಬೆಳಿಗ್ಗೆ ಸಾವಿರ ಕೋಟಿಯ ಭಾಷಣ ಮಾಡಿದವರು ಇನ್ನೊಂದು ಕೇಳಿದರು. ಲಕ್ಷ್ಮವ್ವ “ಒಂದಽ” ಎಂದು ಬುಟ್ಟಿ ಮುಂದಕ್ಕೆ ಒಯ್ದರು.

ನಾನು ನೀರು ಬಡಿಸಿದೆ. ಸಿಂಚನಾ ಹಿಂಡಿ ಬಡಿಸಿದಳು. ನಡುವೆ ಒಮ್ಮೆ ನನ್ನ ಹತ್ತಿರ ಬಂದು, “ಸರ್, ಇದಾ ನಿಮ್ ಜೋಳ? ಸಾರಿ ಸರ್” ಎಂದಳು. ಕಣ್ಣು ತುಂಬಿತ್ತು. ಖಾರಕ್ಕೋ ಏನೋ.

ಕೊನೆಯಲ್ಲಿ ನನಗೆ ರೊಟ್ಟಿ ಉಳಿಯಲಿಲ್ಲ. ತಪಾಸಣೆ ಆಗಲಿಲ್ಲ.

೨೪ ಮೇ, ಶುಕ್ರವಾರ

ನಿರ್ದೇಶಕರು ನನ್ನ ಮೇಲೆ ಹಾರಿಬೀಳುತ್ತಾರೆ ಎಂದು ಮಾತ್ರೆ ನುಂಗಿಯೇ ಹೋಗಿದ್ದೆ. ಅವರು ನಗುತ್ತಿದ್ದರು! ಗೋಣಿತಟ್ಟಿನ ಮೇಲೆ ಕೂತು ರೊಟ್ಟಿ ಮುರಿಯುತ್ತಿರುವ ಅವರ ಫೋಟೋ ಪತ್ರಿಕೆಯಲ್ಲಿ ಬಂದಿದೆ. ಊಟದ ಹೊತ್ತಿನ ಅವ್ಯವಸ್ಥೆಯನ್ನು ಅತಿಥಿಗಳು ಕಾರ್ಯಕ್ರಮವೇ ಎಂದು ತಿಳಿದು ಮೆಚ್ಚಿಕೊಂಡಿದ್ದಾರೆ.

ಈಗ ಶೆಡ್ಡು ಕೆಡವುವುದಿಲ್ಲವಂತೆ. ಅದೇ ‘ಭವಿಷ್ಯದ ಊಟ’ ಮಂಟಪ. ಗಾಜಿನ ಗೋಡೆ, ಬಣ್ಣದ ದೀಪ, ಲಕ್ಷ್ಮವ್ವನವರಿಗೆ ಟೊಪ್ಪಿ. ದೊಡ್ಡವರು ಯಾರಾದರೂ ಬಂದಾಗ ರೊಟ್ಟಿ ಬಡಿದು ತೋರಿಸಬೇಕು.

“ಮತ್ತೆ ಹೊಲದವರ ಊಟ ಸರ್?”

“ಅವರು ಬೇರೆ ಎಲ್ಲಾದರೂ ಮಾಡ್ಕೊಳ್ಳಲಿ. ಅಲ್ಲಿ ಗದ್ದಲ ಬೇಡ. ನೀವೇ ಮಂಟಪದ ಆದೇಶ ತಯಾರು ಮಾಡಿ. ನಿಮ್ಮ ಭಾಷೆ ಪಕ್ಕಾ ಇರ್ತದೆ.”

ಮಧ್ಯಾಹ್ನ ತಪಾಸಣೆ. ಒಂದೇ ರೊಟ್ಟಿ ಇಳಿಯಿತು.

೩೧ ಮೇ, ಶುಕ್ರವಾರ

ಕೊನೆಯ ದಿನ. ಶಾಲು, ತೆಂಗಿನಕಾಯಿ, ಗೋಡೆ ಗಡಿಯಾರ. ಇನ್ನು ಮೇಲೆ ಹೊತ್ತು ನೋಡಿ ಮಾಡುವುದೇನಿದೆ?

ಮಂಟಪದ ಆದೇಶವನ್ನು ಒಂದು ವಾರ ಕೂತು ಬರೆದೆ. ಹದಿನಾಲ್ಕು ಪುಟ. ಜೀವಮಾನದಲ್ಲಿ ಇಷ್ಟು ಒಳ್ಳೆಯ ಆದೇಶ ಬರೆದಿಲ್ಲ. ಒಂಬತ್ತನೆಯ ಪುಟದಲ್ಲಿ ಒಂದು ಕಲಮು ಇದೆ: ಮಂಟಪದ ಯಾವುದೇ ಆಹಾರವನ್ನು ಅತಿಥಿಗಳಿಗೆ ನೀಡುವ ಮುನ್ನ, ಪ್ರತಿ ಕೆಲಸದ ದಿನ ಮಧ್ಯಾಹ್ನ ಒಂದು ಗಂಟೆಗೆ, ಅದೇ ಸ್ಥಳದಲ್ಲಿ, ‘ರುಚಿ ತಪಾಸಣಾ ತಂಡ’ವು ಪೂರ್ಣ ಊಟದ ಪ್ರಮಾಣದಲ್ಲಿ ತಪಾಸಣೆ ನಡೆಸತಕ್ಕದ್ದು. ತಂಡದ ಸದಸ್ಯರು ಐವತ್ತೇಳು, ಹೆಸರುಗಳ ಪಟ್ಟಿ ಲಗತ್ತು. ಮೇಲ್ವಿಚಾರಣೆ ಶ್ರೀಮತಿ ಲಕ್ಷ್ಮವ್ವ. ಅತಿಥಿಗಳಿಲ್ಲವೆಂಬ ಕಾರಣಕ್ಕೆ ತಪಾಸಣೆ ನಿಲ್ಲಿಸುವಂತಿಲ್ಲ. ತಂಡದ ಒಪ್ಪಿಗೆಯಿಲ್ಲದೆ ಈ ಕಲಮು ತಿದ್ದುವಂತಿಲ್ಲ. ತಾಪಜಯದ ರೊಟ್ಟಿ ಹರಿಯುತ್ತದೆಯೇ ಇಲ್ಲವೇ ಎಂಬುದನ್ನು ತಂಡವು ವಿಜ್ಞಾನಿಗಳಿಗೆ ತಿಂಗಳಿಗೊಮ್ಮೆ ತಿಳಿಸತಕ್ಕದ್ದು.

ನಾಲ್ಕು ಗಂಟೆಗೆ ನಿರ್ದೇಶಕರ ಕಾರು ಬಾಗಿಲಿಗೆ ಬಂತು. ದಿಲ್ಲಿಯ ವಿಮಾನ, ಅಲ್ಲಿಂದ ಯಾವುದೋ ದೇಶ, ಹಸಿವಿನ ಬಗ್ಗೆ ಐದು ದಿನದ ಸಭೆ. ನಾನು ಎರಡು ಫೈಲು ಹಿಡಿದು ಓಡಿದೆ. ಒಂದು ಮಂಟಪದ್ದು, ಒಂದು ನನ್ನ ವಿಸ್ತರಣೆಯದು.

“ಮಧುಸೂದನ್‌ಜೀ, ವಿಮಾನ ತಪ್ತದೆ. ಒಂದೇ. ಯಾವುದು ಅರ್ಜೆಂಟು ಅದನ್ನ ಕೊಡಿ, ಉಳಿದದ್ದು ಬಂದ ಮೇಲೆ.”

ಅವರು ಬರುವುದು ಆರನೆಯ ತಾರೀಖಿಗೆ. ಅಷ್ಟರಲ್ಲಿ ನಾನು ನಿವೃತ್ತನಾಗಿರುತ್ತೇನೆ. ನಿವೃತ್ತನಾದವನಿಗೆ ವಿಸ್ತರಣೆ ಇಲ್ಲ. ಆ ನಿಯಮ ನನಗೆ ಬಾಯಿಪಾಠ.

ಮಂಟಪದ ಫೈಲು ಮುಂದೆ ಚಾಚಿದೆ. ಯಾಕೆ ಹಾಗೆ ಮಾಡಿದೆನೋ. ಬಿಸಿಲಿನ ಝಳ ಇರಬೇಕು, ಅಥವಾ ಅದೇ ಮೇಲಿತ್ತು. ಕಾರಿನ ಬಾನೆಟ್ಟಿನ ಮೇಲಿಟ್ಟು, ಒಂದು ಪುಟವನ್ನೂ ಓದದೆ ಸಹಿ ಹಾಕಿದರು. “ನಿಮ್ಮ ಬರವಣಿಗೆ, ನೋಡೋದೇನಿದೆ” ಎಂದು ಹೋದರು.

ವಸುಧಾಳಿಗೆ ಫೋನು ಮಾಡಿ, “ವಿಸ್ತರಣಾ ಆಗ್ಲಿಲ್ಲ” ಎಂದೆ.

“ಯಾವ ವಿಸ್ತರಣಾ?” ಎಂದಳು.

೩ ಜೂನ್, ಸೋಮವಾರ

ಎಂಟಕ್ಕೆ ಎದ್ದೆ. ಫ್ರಿಜ್ಜಿನ ಚೀಟಿ ಮೂರು ಸಲ ಓದಿದೆ. ಹತ್ತಕ್ಕೆ ಇಸ್ತ್ರಿಯ ಅಂಗಿ ಹಾಕಿಕೊಂಡು ಕೂತೆ. ಹನ್ನೊಂದಕ್ಕೆ ಅದನ್ನು ತೆಗೆದು ಹಳೆಯ ಅಂಗಿ ಹಾಕಿಕೊಂಡೆ. ಹನ್ನೆರಡಕ್ಕೆ ಕಾಮಠಿ ರಸ್ತೆಯ ಬಸ್ಸು ಹತ್ತಿದೆ.

ಗೇಟಿನಲ್ಲಿ ಶಾಮ ಸಲಾಮು ಹೊಡೆದ. ಹೊಡೆದು ಬಾಗಿಲು ತೆಗೆಯದೆ ರಿಜಿಸ್ಟರು ಮುಂದಿಟ್ಟ. “ಸಾಬ್, ಬುರಾ ಮತ್ ಮಾನಿಯೇ, ಬೇಜಾರು ಮಾಡ್ಕೋಬೇಡಿ. ಹೊರಗಿನವರು ಬರೆಯದೆ ಒಳಗೆ ಬಿಡಬಾರದು ಅಂತ ನೀವೇ ಆರ್ಡರ್ ಮಾಡಿದ್ದು.” ಹೌದು, ನಾನೇ. ಹದಿಮೂರು ವರ್ಷದ ಹಿಂದೆ. ಕಲಮು ಕಲಮಾಗಿ.

ಇನ್ನೊಂದೂ ಆಗ ನೆನಪಾಯಿತು. ತಪಾಸಣಾ ತಂಡದ ಪಟ್ಟಿಯಲ್ಲಿ ಐವತ್ತೇಳು ಹೆಸರು ಬರೆದವನು ನನ್ನ ಹೆಸರು ಸೇರಿಸಲು ಮರೆತಿದ್ದೇನೆ.

ಹೆಸರು: ಮಧುಸೂದನ. ಹುದ್ದೆ: ಒಂದು ಗೆರೆ ಎಳೆದೆ. ಭೇಟಿಯ ಉದ್ದೇಶ ಎಂಬ ಕಡೆ ಕೈ ತಾನಾಗಿಯೇ ‘ತಪಾ’ ಎಂದು ಬರೆಯಿತು. ನಿಲ್ಲಿಸಿ, ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಕನ್ನಡದಲ್ಲೇ ಬರೆದೆ. ಏನು ಬರೆದೆನೆಂದು ಶಾಮ ತಲೆ ಓರೆ ಮಾಡಿ ನೋಡಿದ. “ಯೇ ಕ್ಯಾ ಲಿಖಾ, ಸಾಬ್?”

“ಜೇವಣ” ಎಂದೆ. ಅವನು ಬಾಗಿಲು ತೆಗೆದ.

ಸಾಲಿನ ಕೊನೆಯಲ್ಲಿ, ಪಂಚಫುಲಾಬಾಯಿಯ ಪಕ್ಕದಲ್ಲಿ ಕೂತೆ. ಲಕ್ಷ್ಮವ್ವನವರು ಬೆರಳು ಮಾಡುತ್ತಾ ಬಂದು, ಐವತ್ತೇಳಕ್ಕೆ ನಿಲ್ಲದೆ ನನ್ನ ತನಕ ಎಣಿಸಿ, ತಾಟು ಇಟ್ಟರು.

ಊಟ. ನಾಲ್ಕು ರೊಟ್ಟಿ.